ಗುಳೆ ಹೋದವರ ಕಥೆ: ಕನ್ನಡ ಕಥನದಲ್ಲಿ ಆಶೆಯೂ ಅನುಭವವೂ

ಪ್ರಾಚೀನ ಆಲಂಕಾರಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿ, ಅವರಲ್ಲಿ ಒಬ್ಬಳನ್ನು ಪ್ರೋಷಿತಭರ್ತೃಕೆಯೆಂದು ಕರೆದರು. ಗಂಡನು ದೂರದೇಶಕ್ಕೆ ಹೋಗಿರಲು ಮನೆಯಲ್ಲಿ ಕಾದಿರುವವಳೆಂಬುದು ಆ ಹೆಸರಿನ ಅರ್ಥವು. ಅವಳ ಹೆಣೆಯದ ಜಡೆ, ಬಾಡಿದ ಮೋರೆ, ದಿನಗಳನ್ನೆಣಿಸಿ ಸವೆದ ಬೆರಳು ಇವೆಲ್ಲ ಶತಮಾನಗಳವರೆಗೆ ಕವಿಗಳಿಗೆ ಅಕ್ಷಯನಿಧಿಯಾದವು. ಆದರೆ ಹೋದವನ ಗತಿಯೇನು? ಆತನು ಯಾವ ಊರಲ್ಲಿ ಯಾರ ಜಗುಲಿಯ ಮೇಲೆ ಮಲಗಿದನು, ಗಳಿಸಿದ್ದೆಷ್ಟು, ಕಳೆದುಕೊಂಡದ್ದೆಷ್ಟು ಎಂಬ ಪ್ರಶ್ನೆಯನ್ನು ಶಾಸ್ತ್ರವು ಕೇಳುವ ಗೋಜಿಗೆ ಹೋಗಲಿಲ್ಲ. ಪ್ರವಾಸಕ್ಕೆ ಕಾರ್ಯ, ಸಂಭ್ರಮ, ಶಾಪ ಎಂಬ ಮೂರು ಕಾರಣಗಳನ್ನು ದಶರೂಪಕಕಾರನು ಹೇಳಿ ಮುಗಿಸುತ್ತಾನೆ. ಆ ಪಟ್ಟಿಯಲ್ಲಿ ಹಸಿವೆಗೆ ಸ್ಥಾನವಿಲ್ಲ.

ಕಾಳಿದಾಸನ ಯಕ್ಷನು ಶಾಪದಿಂದ ಊರು ಬಿಟ್ಟವನು. ಅವನ ಶಾಪಕ್ಕೆ ಒಂದು ವರ್ಷದ ಅವಧಿಯಿತ್ತು. ಅವಧಿ ಗೊತ್ತಿದ್ದ ದುಃಖವು ಅರ್ಧ ದುಃಖವೇ ಸರಿ. ಅದಕ್ಕಿಂತಲೂ ವಿಚಾರಾರ್ಹವಾದ ಸಂಗತಿ ಇನ್ನೊಂದುಂಟು. ಯಕ್ಷನು ಮೇಘಕ್ಕೆ ವರ್ಣಿಸಿ ಹೇಳುವದು ತಾನು ಬಿಟ್ಟುಬಂದ ಅಲಕಾಪುರಿಯ ವೈಭವವನ್ನು. ಹೊಟ್ಟೆಯ ಪಾಡಿಗಾಗಿ ಹೋದ ಇಂದಿನವನು ಮಾಡುವದು ಇದಕ್ಕೆ ತೀರ ವಿಪರೀತವಾದದ್ದು. ಆತನು ಊರಿಗೆ ಕಳುಹಿಸುವ ಸಂದೇಶದಲ್ಲಿ ಪಟ್ಟಣದ ದೀಪಗಳ ವರ್ಣನೆಯಿರುತ್ತದೆ. ತಗಡಿನ ಶೆಡ್ಡು, ಮುಕ್ಕಾದಮನ ಬೈಗಳು, ಹಿಡಿದಿಟ್ಟ ಕೂಲಿ ಇವು ಇರುವದಿಲ್ಲ. ಹಿಂದೆ ಕಾಗದದಲ್ಲಿ ನಡೆದದ್ದು ಈಗ ಮೊಬಾಯಿಲಿನಲ್ಲಿ ನಡೆಯುತ್ತದೆ, ಅಷ್ಟೇ ಭೇದವು. ಈ ಮುಚ್ಚುಮರೆಗೆ ಮಾನವೂ ಕಾರಣ, ಪ್ರೀತಿಯೂ ಕಾರಣ. ಆ ಸಂದೇಶವನ್ನು ನಂಬಿ ಮುಂದಿನ ವರ್ಷ ತಮ್ಮನೊಬ್ಬನು ಗಂಟು ಕಟ್ಟುತ್ತಾನೆ. ಆಶೆಯು ಹೀಗೆ ಅನುಭವದ ಕೈಯಿಂದಲೇ ಬೆಳೆಯುತ್ತ ಹೋಗುವದೆಂಬ ಈ ವಿಚಿತ್ರವನ್ನು ಕನ್ನಡ ಕಥನವು ಎಷ್ಟರ ಮಟ್ಟಿಗೆ ಕಂಡಿದೆ ಎಂಬುದು ಇಲ್ಲಿಯ ವಿಚಾರವು.

ಕನ್ನಡದ ಮಟ್ಟಿಗೆ ಊರ ಹಂಬಲದ ಆದಿಕವಿಯೂ ಪಂಪನೇ. ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದು ಕ್ರಿ. ಶ. ೯೪೧ರ ಹೊತ್ತಿಗೆ ಭಾರತವನ್ನು ರಚಿಸಿದ ಆತನ ಮನಸ್ಸು, ಅರ್ಜುನನ ತೀರ್ಥಯಾತ್ರೆಯ ನೆಪದಿಂದ, ಬನವಾಸಿ ದೇಶಕ್ಕೆ ಬಂದು ನಿಲ್ಲುತ್ತದೆ. ಹಾನಗಲ್ಲಿನ ಸುತ್ತಲಿನ ಈ ಸೀಮೆಯ ಓದುಗರಿಗೆ ಆ ಭಾಗದ ಮೇಲೆ ಹಕ್ಕಿನ ಅಭಿಮಾನವುಂಟು, ಅದು ತಪ್ಪಲ್ಲ. ಆದರೆ ಅಲ್ಲಿಯೂ ಇರುವದು ಬಿಟ್ಟ ಊರಿನ ಸೊಬಗೇ ಹೊರತು ಸೇರಿದ ಊರಿನ ಸಂಕಟವಲ್ಲ. ಮುಧೋಳದ ಬಳೆಗಾರರ ಮನೆಯ ರನ್ನನು ವಿದ್ಯೆಯನ್ನು ಬೆನ್ನಟ್ಟಿ ಗಂಗರ ನಾಡಿಗೆ ಹೋಗಿ, ಚಾವುಂಡರಾಯನ ಆಶ್ರಯ ಪಡೆದು, ಮುಂದೆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಫಲಿಸಿದ ವಲಸೆಗೆ ಇದಕ್ಕಿಂತ ದೊಡ್ಡ ದೃಷ್ಟಾಂತವಿಲ್ಲ. ಫಲಿಸದೆ ಹೋದವರ ಬಳೆಯ ಮಲಾರಗಳನ್ನು ಯಾವ ಕವಿಯೂ ಎಣಿಸಲಿಲ್ಲ.

ಬಯಲುಸೀಮೆಯ ಆಡುಮಾತಿನಲ್ಲಿ ಇದಕ್ಕೆ ಗುಳೆ ಎಂಬ ಶಬ್ದವಿದೆ. ವಲಸೆಯೆಂಬುದು ಪತ್ರಿಕೆಯವರ ಮಾತು. ಗುಳೆಯೆಂಬುದು ಬಾಯಿಯ ಮಾತು. ಗುಳೆ ಹೋದವನು ತಿರುಗಿ ಬರುವವನು: ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ಮೇಲೆ, ಬೀಜದ ಸಾಲ ತೀರಿಸುವದಕ್ಕೆ ಹೋದವನು ಊರ ಜಾತ್ರೆಗೆ ಬರಲೇಬೇಕು. ೧೮೭೬ರ ಧಾತು ಸಂವತ್ಸರದ ಬರವು ಧಾರವಾಡ ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು ಬರಿದು ಮಾಡಿದಾಗ ಹೋದವರು ಮಾತ್ರ ಎಷ್ಟೋ ಮಂದಿ ಬರಲೇ ಇಲ್ಲ. ಅಂದಿನಿಂದ ಇಂದಿನವರೆಗೆ ಈ ಹೋಗಿ ಬರುವಿಕೆಯು ನಿಂತಿಲ್ಲ. ದಿಕ್ಕು ಮಾತ್ರ ಬದಲಾಗಿದೆ. ಗೋವೆ, ಮಂಗಳೂರು, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಹೊಸ ಕಟ್ಟಡ ಏಳುವಲ್ಲೆಲ್ಲ ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳ ಮಾತು ಕಿವಿಗೆ ಬೀಳುತ್ತದೆ.

ಈ ಕೂಲಿಯ ವಲಸೆಯನ್ನು ಕನ್ನಡ ಕಾದಂಬರಿಯು ಮೊದಲಿಗೇ ಕಂಡಿತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಶಿವರಾಮ ಕಾರಂತರ ‘ಚೋಮನ ದುಡಿ’ಯು (೧೯೩೩) ಅಸ್ಪೃಶ್ಯನ ಭೂಮಿಯ ಹಂಬಲದ ಕಥೆಯೆಂದು ಪ್ರಸಿದ್ಧವಾಗಿದೆ. ಅದು ಸರಿಯೇ. ಆದರೆ ಅದರ ಕೀಲು ಇರುವದು ಘಟ್ಟದ ಕಾಫಿಯ ತೋಟದಲ್ಲಿ. ಅತ್ಯಲ್ಪವಾದ ಸಾಲವನ್ನು ತೀರಿಸುವದಕ್ಕೆ ಚೋಮನು ಮಕ್ಕಳಿಬ್ಬರನ್ನು ತೋಟಕ್ಕೆ ಕಳುಹಿಸುತ್ತಾನೆ. ಒಬ್ಬನು ಅಲ್ಲಿಯೇ ಪ್ರೀತಿಸಿದ ಹುಡುಗಿಗಾಗಿ ಕ್ರಿಸ್ತಮತವನ್ನು ಸೇರಿ ನಿಲ್ಲುತ್ತಾನೆ. ಇನ್ನೊಬ್ಬನನ್ನು ಜ್ವರವು ತಿನ್ನುತ್ತದೆ. ಸಾಲವೆಂಬುದು ದುಡಿಮೆಯಿಂದ ಕರಗದೆ, ದುಡಿಯುವವರನ್ನೇ ಕರಗಿಸುವ ಬಗೆಯನ್ನು ಕಾರಂತರು ಒಂದು ನಿಟ್ಟುಸಿರನ್ನೂ ಹೆಚ್ಚಾಗಿ ಬಿಡದೆ ತೋರಿಸಿದರು. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಪದ್ಧತಿಯು ಅಂದಿನಿಂದ ಹೆಸರು ಬದಲಿಸಿದೆಯೇ ಹೊರತು ರೀತಿ ಬದಲಿಸಿಲ್ಲ.

ಅವರದೇ ‘ಮರಳಿ ಮಣ್ಣಿಗೆ’ (೧೯೪೧) ಕಲೆಯಿಂದ ಇದಕ್ಕಿಂತ ಹಿರಿದಾದ ಕೃತಿಯು. ಮೂರು ತಲೆಮಾರುಗಳ ಬಾಳನ್ನು ಅಷ್ಟು ಹಿಡಿತದಿಂದ ಹೇಳಿದ ಕಾದಂಬರಿಗಳು ಎಣಿಕೆಗೆ ಸಿಕ್ಕುವಷ್ಟೇ. ಆದರೂ ಪಟ್ಟಣಗಳನ್ನು ಕಂಡು ಬಂದ ರಾಮನು ಮಣ್ಣಿಗೆ ಮರಳುವದರಲ್ಲಿ ಅನೇಕ ವಿಮರ್ಶಕರು ಒಂದು ಪರಿಹಾರವನ್ನೇ ಕಂಡು ಸಮಾಧಾನಪಟ್ಟುಕೊಂಡದ್ದು ವಿಚಿತ್ರವು. ಮರಳುವದಕ್ಕೆ ಮೊದಲು ಮಣ್ಣು ಇರಬೇಕು. ರಾಮನಿಗೆ ಅದಿತ್ತು, ಚೋಮನಿಗೆ ಇರಲಿಲ್ಲ. ಎಂಟು ವರ್ಷಗಳ ಅಂತರದಲ್ಲಿ ಒಬ್ಬರೇ ಬರೆದ ಈ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಲ್ಲಿ, ಮಣ್ಣಿಗೆ ಮರಳಿರೆಂಬ ಉಪದೇಶವು ಯಾರಿಗೆ ಸಲ್ಲುವದು, ಯಾರಿಗೆ ಸಲ್ಲದು ಎಂಬುದು ತಾನಾಗಿಯೇ ತಿಳಿಯುವದು.

ಸ್ವಾತಂತ್ರ್ಯಾನಂತರ ಈ ವಸ್ತುವು ತೋಟದಿಂದ ಕಚೇರಿಗೆ ಸಾಗಿತು. ಕರಾವಳಿಯ ತರುಣರು ಮುಂಬಯಿಯನ್ನು ಸೇರಿ, ಹಗಲು ಹೊಟೇಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಕಲಿತು ಮೇಲೆ ಬಂದರು. ಅವರ ಬೆನ್ನಿಗೆ ಅವರವರ ಸಂಘಗಳಿದ್ದವು. ೧೯೦೨ರಷ್ಟು ಹಿಂದೆಯೇ ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯು ಹುಟ್ಟಿತ್ತು. ಹೀಗೆ ಕಲಿತವರಲ್ಲಿ ಬರೆಯುವವರೂ ಹುಟ್ಟಿಕೊಂಡದ್ದು ಸಹಜವೇ. ವ್ಯಾಸರಾಯ ಬಲ್ಲಾಳರು ‘ಬಂಡಾಯ’ದಲ್ಲಿ ಮುಂಬಯಿಯ ಕಾರ್ಮಿಕರ ಹೋರಾಟವನ್ನು ವಸ್ತುವಾಗಿಸಿಕೊಂಡು ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವವನ್ನು ಪಡೆದರು. ಆದರೆ ವಲಸೆ ಹೋದವನ ಅಂತರಂಗವನ್ನು ಬಿಚ್ಚಿದ ಕೃತಿಯೆಂದರೆ ಯಶವಂತ ಚಿತ್ತಾಲರ ‘ಶಿಕಾರಿ’ಯೇ (೧೯೭೯).

ಚಿತ್ತಾಲರು (೧೯೨೮–೨೦೧೪) ಉತ್ತರ ಕನ್ನಡದ ಹನೇಹಳ್ಳಿಯಿಂದ ಹೊರಟು ಮುಂಬಯಿಯಲ್ಲಿ ರಸಾಯನ ಉದ್ಯಮದಲ್ಲಿ ದೊಡ್ಡ ಹುದ್ದೆಗೆ ಏರಿದವರು. ‘ಶಿಕಾರಿ’ಯ ನಾಗಪ್ಪನೂ ಅಂಥ ಉದ್ಯಮದಲ್ಲಿಯೇ ದುಡಿಯುವವನು. ತನ್ನ ಅಪರಾಧವೇನೆಂಬುದೇ ಗೊತ್ತಿಲ್ಲದೆ ಆತನು ಒಂದು ದಿನ ಕೆಲಸದಿಂದ ದೂರ ಇಡಲ್ಪಡುತ್ತಾನೆ. ಮೇಲಿಂದ ನೋಡಿದಲ್ಲಿ ಇದು ಕಚೇರಿಯ ಒಳಸಂಚಿನ ಕಥೆಯು. ಐರೋಪ್ಯ ಸಾಹಿತ್ಯ ಬಲ್ಲವರು ಕಾಫ್ಕಾನನ್ನು ನೆನೆದು ಅಲ್ಲಿಗೇ ನಿಂತುಬಿಟ್ಟರು. ಒಳಹೊಕ್ಕು ನೋಡಿದಲ್ಲಿ ಬೇರೆಯೇ ಕಾಣುವದು. ನಾಗಪ್ಪನು ಮುಂಬಯಿಗೆ ಬಂದದ್ದು ಹಣಕ್ಕಾಗಿ ಅಷ್ಟೇ ಅಲ್ಲ. ಹುಟ್ಟು, ಮನೆತನ, ಜಾತಿ, ಬಾಲ್ಯದ ದುರ್ಘಟನೆ ಇವನ್ನು ಯಾರೂ ಕೇಳದ ಊರು ಒಂದಿದ್ದೀತೆಂಬುದು ಅವನ ಆಶೆಯು. ಲಕ್ಷ ಜನರ ನಡುವೆ ಯಾರೂ ಅಲ್ಲದವನಾಗಿ ಇರುವ ಸುಖವನ್ನು ಹಳ್ಳಿಯಲ್ಲಿ ಹುಟ್ಟಿದವನು ಮಾತ್ರ ಬಲ್ಲನು. ಕೃತಿಯ ಕ್ರೌರ್ಯವಿರುವದು ಇಲ್ಲಿಯೇ: ಅವನನ್ನು ಬೇಟೆಯಾಡುವವರು ಅವನ ಕೆಲಸದ ತಪ್ಪನ್ನು ಹುಡುಕದೆ, ಅವನು ಊರಲ್ಲಿ ಬಿಟ್ಟುಬಂದೆನೆಂದುಕೊಂಡದ್ದನ್ನೇ ಅಗೆದು ತೆಗೆಯುತ್ತಾರೆ. ಮತ್ತು ಆ ಅಗೆತಕ್ಕೆ ಹಾರೆ ಒದಗಿಸುವವನು ಪರಕೀಯನಲ್ಲ. ಅವನದೇ ಸೀಮೆಯಿಂದ ಬಂದ ಶ್ರೀನಿವಾಸನು. ಪರವೂರಿನಲ್ಲಿ ತನ್ನೂರಿನವನೇ ಆಸರೆಯೆಂಬ ನಂಬಿಗೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಮುರಿದ ಇನ್ನೊಂದು ಕೃತಿಯು ಕನ್ನಡದಲ್ಲಿ ದೊರೆಯುವದು ಕಷ್ಟ.

ದೋಷಗಳೂ ಇಲ್ಲದಿಲ್ಲ. ನಾಗಪ್ಪನ ಆತ್ಮಪರೀಕ್ಷೆಯು ಪುಟಗಟ್ಟಲೆ ಸುತ್ತಿದಲ್ಲಿಯೇ ಸುತ್ತುವದರಿಂದ ವಾಚಕನ ತಾಳ್ಮೆಯು ಅಲ್ಲಲ್ಲಿ ಸೋಲುತ್ತದೆ. ಬೇಟೆಯ ರೂಪಕವನ್ನು ಎಷ್ಟು ಸಲ ಎತ್ತಬೇಕೋ ಅದಕ್ಕಿಂತ ಹೆಚ್ಚು ಸಲ ಎತ್ತಲಾಗಿದೆ. ಧ್ವನಿಯಾಗಬೇಕಾದದ್ದು ಘೋಷವಾದರೆ ರಸಭಂಗವು ತಪ್ಪದು. ಇದಲ್ಲದೆ ನಾಗಪ್ಪನಿಗೆ ವಿದ್ಯೆಯಿದೆ, ಇರಲು ಮನೆಯಿದೆ, ಕೆಲಸ ಹೋದರೆ ಇನ್ನೊಂದು ಸಿಕ್ಕೀತೆಂಬ ಧೈರ್ಯಕ್ಕೆ ಆಧಾರವಿದೆ. ಅವನ ಭಯವು ನಿಜವಾದದ್ದೇ; ಆದರೆ ಅದು ಉಂಡವನ ಭಯವು. ಇದನ್ನು ಹೇಳುವದರಿಂದ ಚಿತ್ತಾಲರ ಕೀರ್ತಿಗೆ ಕುಂದಿಲ್ಲ. ತಾವು ಬಲ್ಲದ್ದನ್ನು ಅವರು ಬರೆದರು. ಒಬ್ಬ ಲೇಖಕನು ಬಲ್ಲ ವಲಸೆಯೇ ವಲಸೆಯ ಸಮಗ್ರ ರೂಪವೆಂದು ಬಗೆದವರು ವಿಮರ್ಶಕರು.

ಚಿತ್ತಾಲರು ಬಿಟ್ಟ ಎಡೆಯನ್ನು ಬಹುಮಟ್ಟಿಗೆ ತುಂಬಿದವರು ಗೋಕರ್ಣದ ಜಯಂತ ಕಾಯ್ಕಿಣಿಯವರು. ಇವರೂ ಮುಂಬಯಿಯಲ್ಲಿ ರಸಾಯನವಿಜ್ಞಾನದಿಂದಲೇ ಅನ್ನ ಗಳಿಸಿದವರೆಂಬುದು ಒಂದು ಸೋಜಿಗ. ಆದರೆ ಇವರ ಕಣ್ಣು ಕಚೇರಿಯ ಮೇಲೆ ನೆಡಲಿಲ್ಲ. ಚಿತ್ರಮಂದಿರದ ಕಸ ಹೊಡೆಯುವವನಿಗೆ ಯಾರೋ ಮರೆತುಹೋದ ಥರ್ಮಾಸು ಸಿಕ್ಕುವ ಕಥೆಯಲ್ಲಾಗಲಿ, ಮದುವೆಯ ಕುದುರೆಯು ಮದುಮಗನನ್ನು ಹೊತ್ತುಕೊಂಡು ಮೆರವಣಿಗೆಯಿಂದ ಓಡಿಹೋಗುವ ‘ದಗಡೂ ಪರಬನ ಅಶ್ವಮೇಧ’ದಲ್ಲಾಗಲಿ, ನಿಲ್ಲದೆ ಓಡುವ ಗಾಡಿಗಾಗಿ ಹಳಿಯ ಬದಿಯಲ್ಲಿ ತಾಯಿಮಕ್ಕಳು ಕಾದು ನಿಲ್ಲುವ ‘ತೂಫಾನ್ ಮೇಲ್’ನಲ್ಲಾಗಲಿ, ಮಾತು ಹೇಳಲಾರದ್ದನ್ನು ಒಂದು ವಸ್ತುವು ಹೇಳುತ್ತದೆ. ಆನಂದವರ್ಧನನು ಕಾವ್ಯದ ಆತ್ಮವೆಂದು ಕರೆದದ್ದು ಇಂಥದನ್ನೇ. ಈ ಕಥೆಗಳ ಜನರು ಪಟ್ಟಣವನ್ನು ಶಪಿಸುವದಿಲ್ಲ, ಊರನ್ನು ಸ್ವರ್ಗವೆಂದು ಹಾಡುವದೂ ಇಲ್ಲ. ಬಂದದ್ದಾಯಿತು, ಇರುವದಾಯಿತು; ಇನ್ನು ಪಕ್ಕದವನೊಡನೆ ಸಂಬಂಧ ಕಟ್ಟಿಕೊಳ್ಳುವದೇ ಉಳಿದ ಕೆಲಸವು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಶಿಯದ ಸಾಹಿತ್ಯಕ್ಕೆ ಮೀಸಲಾದ ಡಿ.ಎಸ್.ಸಿ. ಪ್ರಶಸ್ತಿಯು ೨೦೧೮ರ ಸಾಲಿಗೆ ಬಂದಾಗ ಕನ್ನಡಿಗರು ಹಿಗ್ಗಿದ್ದು ಯೋಗ್ಯವೇ ಆಗಿತ್ತು.

ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ಕಾಯ್ಕಿಣಿಯವರ ಮುಂಬಯಿಯಲ್ಲಿ ಬಡತನದ ಮೇಲೆ ಯಾವಾಗಲೂ ಒಂದು ಮೆದುವಾದ ದೀಪವು ಉರಿಯುತ್ತಿರುತ್ತದೆ. ಅಲ್ಲಿ ಕರುಣೆಯು ಎಷ್ಟು ಸಮೃದ್ಧವಾಗಿದೆಯೆಂದರೆ, ಬಾಡಿಗೆ ಎಷ್ಟು, ಕೂಲಿ ಎಷ್ಟು, ಕೊಡದೆ ಹೋದವನು ಯಾರು ಎಂಬ ಲೆಕ್ಕವು ಮಸುಕಾಗಿಬಿಡುತ್ತದೆ. ಚೋಮನ ಸಾಲವು ವಾಚಕನ ನೆನಪಿನಲ್ಲಿ ಉಳಿಯುವದು ಅದು ಲೆಕ್ಕವಾಗಿರುವದರಿಂದಲೇ. ಲೆಕ್ಕವು ಕಾವ್ಯಕ್ಕೆ ಹೊರತೆಂದು ತಿಳಿಯುವವರು ಹರಿಶ್ಚಂದ್ರನ ಕಥೆಯನ್ನು ಇನ್ನೊಮ್ಮೆ ಓದಿ ನೋಡಬೇಕು. ಅದು ಮೊದಲಿನಿಂದ ಕೊನೆಯವರೆಗೆ ಸಾಲದ ಕಥೆಯೇ.

ಕಡಲಾಚೆಯ ವಲಸೆಯ ವಿಷಯದಲ್ಲಿ ಕನ್ನಡದ ಬರವಣಿಗೆಯು ಬಹುಕಾಲ ಅತಿಥಿಯ ದೃಷ್ಟಿಯಲ್ಲಿಯೇ ನಿಂತಿತ್ತು. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಸರಸವಾದ ಪುಸ್ತಕವು, ಆದರೆ ನೋಡಿ ಬಂದವರದು, ಇದ್ದವರದಲ್ಲ. ಸವಣೂರಿನಲ್ಲಿ ಹುಟ್ಟಿದ ಗೋಕಾಕರು ಆಕ್ಸಫರ್ಡಿಗೆ ಹೋದದ್ದು ವಿದ್ಯೆಗೆ. ಸಮುದ್ರವು ಅವರಿಗೆ ಗೀತವಾಯಿತು. ಅಲ್ಲಿಯೇ ನೆಲೆಸಿದವರ ಒಳಗುದಿಯನ್ನು ಬರೆದವರಲ್ಲಿ ವೈದ್ಯರಾದ ಗುರುಪ್ರಸಾದ ಕಾಗಿನೆಲೆಯವರು ಮುಖ್ಯರು. ಕನಕದಾಸರ ಕಾಗಿನೆಲೆಯ ಹೆಸರು ಅಮೇರಿಕೆಯ ಮಿನೆಸೋಟವನ್ನು ಸೇರಿದ್ದೂ ಒಂದು ವಲಸೆಯೇ. ಅವರ ‘ಹಿಜಾಬ್’ (೨೦೧೭) ಅಮೋಕ ಎಂಬ ಕಲ್ಪಿತ ಊರಿನ ಕಥೆಯು. ಅಲ್ಲಿಯ ಆಸ್ಪತ್ರೆಯಲ್ಲಿ ಭಾರತೀಯ ವೈದ್ಯರು ದುಡಿಯುವದು, ಆ ದೇಶದಲ್ಲಿ ಶಾಶ್ವತವಾಗಿ ನಿಲ್ಲುವ ಪರವಾನಿಗೆಗಾಗಿ. ಅವರ ಬಳಿಗೆ ಆಫ್ರಿಕದಿಂದ ಆಶ್ರಯ ಬೇಡಿ ಬಂದ ಜನಾಂಗದ ಬಸುರಿಯರು ಬರುತ್ತಾರೆ. ಹೊಟ್ಟೆಯನ್ನು ಕೊಯ್ದು ಕೂಸನ್ನು ತೆಗೆಯಲು ಒಪ್ಪುವದಿಲ್ಲ. ನಿಲ್ಲುವದಕ್ಕೆ ತಮಗೇ ಅಪ್ಪಣೆಯಿಲ್ಲದ ವಲಸಿಗರು ಇನ್ನೊಬ್ಬ ವಲಸಿಗಳ ದೇಹದ ಮೇಲೆ ಆ ದೇಶದ ಕಾಯದೆಯನ್ನು ಅನ್ವಯಿಸಬೇಕಾದ ಸಂಕಟವು ಇಲ್ಲಿಯ ವಸ್ತು. ಬಂದವರೆಲ್ಲರೂ ಬಂಧುಗಳೆಂಬ ಭಾವುಕತೆಗೆ ಈ ಕೃತಿಯು ಎಡೆಗೊಡದಿರುವದು ದೊಡ್ಡ ಗುಣವು. ಮೊದಲು ಬಂದವನು ಆಮೇಲೆ ಬಂದವನನ್ನು ಯಾವ ಕಣ್ಣಿನಿಂದ ನೋಡುತ್ತಾನೆಂಬುದು ಬಹುಶಃ ವಲಸೆಯ ಅತ್ಯಂತ ಕಹಿಯಾದ ಸತ್ಯವು.

ಇಷ್ಟಾಗಿಯೂ ಹತ್ತಿಮತ್ತೂರಿನ ಬಸ್ಸುನಿಲ್ದಾಣದಲ್ಲಿ ಹಾಸಿಗೆಯ ಸುರುಳಿ, ಅಡಿಗೆಯ ಪಾತ್ರೆ, ನಿದ್ದೆಗಣ್ಣಿನ ಕೂಸು ಇವುಗಳೊಡನೆ ನಿಲ್ಲುವ ಕುಟುಂಬವು ಮೇಲೆ ಹೇಳಿದ ಯಾವ ಪುಸ್ತಕದಲ್ಲಿದೆ? ಕರಾವಳಿಯ ಗುಮಾಸ್ತನಿದ್ದಾನೆ, ರಸಾಯನಶಾಸ್ತ್ರಜ್ಞನಿದ್ದಾನೆ, ವೈದ್ಯನಿದ್ದಾನೆ. ಕಪ್ಪು ಮಣ್ಣಿನ ಸೀಮೆಯಿಂದ ಗೋವೆಗೆ ಹೋದ ಗಾರೆಯಾಳಿಗೆ ಕನ್ನಡದ ಪ್ರಸಿದ್ಧ ಕಾದಂಬರಿಗಳಲ್ಲಿ ನಾಯಕಸ್ಥಾನವು ದೊರೆತದ್ದು ತೀರ ವಿರಳ.

ವಸ್ತುವಿಗೆ ಮಾತ್ರ ಬಡತನವಿಲ್ಲ. ೧೯೬೧ರಲ್ಲಿ ಪೋರ್ತುಗೀಜರು ಗೋವೆಯನ್ನು ಬಿಟ್ಟ ಮೇಲೆ ಬಂದರ, ಗಣಿ, ಕಟ್ಟಡಗಳ ಕೆಲಸಕ್ಕೆ ಘಟ್ಟದ ಮೇಲಿನವರು ಸಾಲಾಗಿ ಇಳಿದರು. ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ಕನ್ನಡದ ಕೇರಿಗಳೇ ಎದ್ದವು. ಅಲ್ಲಿಯವರು ಇವರನ್ನು ಘಾಟಿಗಳೆಂದು ಕರೆದರು. ಘಟ್ಟದವರೆಂಬ ಸಾಧಾರಣ ಶಬ್ದವು ಬೈಗಳಾಗಿ ಮಾರ್ಪಟ್ಟಿತು. ಆಶೆಯೇನು ದೊಡ್ಡದಲ್ಲ: ಸೋರದ ಮಾಳಿಗೆ, ಮಗಳ ಮದುವೆ, ಹೊಲದಲ್ಲಿ ಒಂದು ಕೊಳವೆಬಾವಿ. ೨೦೦೪ರ ಜೂನಿನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಬೈನಾ ತೀರದ ಗುಡಿಸಲುಗಳನ್ನು ಸರಕಾರವು ಕೆಡವಿಸಿತು. ಗೋವೆಯ ಮನೆಗಳನ್ನು ಕಟ್ಟಿದ ಕೈಗಳು ತಮ್ಮ ತಗಡುಗಳನ್ನು ಆಯ್ದುಕೊಳ್ಳುವ ಆ ದೃಶ್ಯಕ್ಕೆ ಒಬ್ಬ ಕಾರಂತರು ಬೇಕಾಗಿದ್ದರು. ೨೦೨೦ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲಿಕ್ಕಿದಾಗ ಹೆದ್ದಾರಿಗಳ ಮೇಲೆ ನಡೆದು ಹೊರಟವರನ್ನು ಎಲ್ಲರೂ ಕಂಡು ಬೆರಗಾದರು. ಬೆರಗಾಗುವದಕ್ಕೆ ಕಾರಣವಿಲ್ಲ, ಅವರು ಅಲ್ಲಿಯವರೆಗೂ ಅಲ್ಲಿಯೇ ಇದ್ದರು.

ಹತ್ತಿಮತ್ತೂರಿನಲ್ಲಿ ಸಾಹಿತಿಗಳು ಹುಟ್ಟಲಿಲ್ಲವೆನ್ನುವಂತೆಯೂ ಇಲ್ಲ. ೧೯೩೯ರಲ್ಲಿ ಇದೇ ಊರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು ಚಂಪಾ ಎಂದು ನಾಡಿಗೆಲ್ಲ ಪರಿಚಿತರಾದರು, ೧೯೬೪ರಲ್ಲಿ ಗೆಳೆಯರೊಡನೆ ‘ಸಂಕ್ರಮಣ’ವನ್ನು ಹೊರಡಿಸಿದರು, ೨೦೧೭ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ೨೦೨೨ರಲ್ಲಿ ತೀರಿಕೊಂಡರು. ಧಾರವಾಡ, ಅಲ್ಲಿಂದ ಇಂಗ್ಲಂಡಿನ ಲೀಡ್ಸ್, ಕೊನೆಗೆ ಬೆಂಗಳೂರು ಹೀಗೆ ಅವರದೂ ಒಂದು ಹೊರಹೋಗುವಿಕೆಯೇ. ಆಳುವವರನ್ನು ಚುಚ್ಚುವ ಅವರ ನಾಟಕ ಕವಿತೆಗಳ ಮೊನೆಯು ಈ ಸೀಮೆಯ ಮಾತಿನ ಕಲ್ಲಿನ ಮೇಲೆಯೇ ಮಸೆದದ್ದು. ಆದರೆ ಅವರ ವ್ಯಂಗ್ಯವು ನೋಡಿದ್ದು ಸಿಂಹಾಸನದ ಕಡೆಗೆ. ಬಸ್ಸುನಿಲ್ದಾಣದ ಕಡೆಗೆ ನೋಡುವದಕ್ಕೆ ಬೇರೆ ಬಗೆಯ ತಾಳ್ಮೆ ಬೇಕು. ಈ ಸೀಮೆಯಿಂದ ವಿದ್ಯೆಯ ದಾರಿಯಲ್ಲಿ ಹೊರಬಿದ್ದವರು ಒಂದು ದಿಕ್ಕಿಗೆ ಹೋದರು, ಗುದ್ದಲಿ ಹಿಡಿದು ಹೊರಬಿದ್ದವರು ಇನ್ನೊಂದು ದಿಕ್ಕಿಗೆ. ಕರಾವಳಿಯಲ್ಲಿ ಹೊಟೇಲಿನ ಹುಡುಗನೂ ಲೇಖಕನೂ ಒಂದೇ ಇರುಳುಶಾಲೆಯ ಬೆಂಚಿನಲ್ಲಿ ಕೂಡಬಹುದಾಗಿತ್ತು; ಇಲ್ಲಿ ಅಂಥ ಬೆಂಚು ಇರಲಿಲ್ಲ. ಈ ಸೀಮೆಯ ಕಥನವು ಮೂಕವಾಗಿರುವದಕ್ಕೆ ಪ್ರತಿಭೆಯ ಕೊರತೆಗಿಂತ ಇದೇ ಹೆಚ್ಚಿನ ಕಾರಣವಾಗಿ ತೋರುತ್ತದೆ.

ಮಾದರಿಯೇ ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕೈಗೆ ಸಿಕ್ಕುವ ಪುಸ್ತಕವು. ಬಯಲುಸೀಮೆಯಲ್ಲಿ ಎಲ್ಲರಿಗಿಂತ ಮೊದಲು ಊರು ಬಿಟ್ಟವಳು ಹೆಣ್ಣುಮಗಳು. ಕೊಟ್ಟ ಮನೆಯ ಮೇಲೆ ಆಶೆಯಿಟ್ಟು ಹೋದವಳು ಅಲ್ಲಿಯ ಕಷ್ಟವನ್ನು ಬೀಸುವ ಕಲ್ಲಿಗೆ ಹೇಳಿ, ತವರಿನಿಂದ ಬಂದ ಅಣ್ಣನಿಗೆ ಮಾತ್ರ ಸುಖವಾಗಿದ್ದೇನೆಂದು ಹೇಳಿ ಕಳುಹಿಸುತ್ತಾಳೆ. ಗೋವೆಯಿಂದ ಊರಿಗೆ ಮಾತಾಡುವ ಗಾರೆಯಾಳು ಹೇಳುವದೂ ಅದನ್ನೇ. ಎರಡು ನಾಲಿಗೆಯ ಈ ಮಾತನ್ನು ಮೂರು ಸಾಲಿನಲ್ಲಿ ಹಿಡಿಯುವ ಕಲೆಯನ್ನು ಓದುಬರಹವಿಲ್ಲದ ತಾಯಂದಿರು ಎಂದೋ ಸಾಧಿಸಿದ್ದರು. ಆ ಗೆಳೆಯರು ವಿಜಾಪುರದ ಸೀಮೆಯಲ್ಲಿ ಕಲ್ಲಿನ ಬಳಿ ಕುಳಿತು ಬರೆದುಕೊಂಡಂತೆ, ಜುವಾರಿನಗರದ ಓಣಿಗಳಲ್ಲಿ ಕುಳಿತು ಬರೆದುಕೊಳ್ಳುವ ಕೆಲಸವು ಬಾಕಿಯಿದೆ. ವಾಸ್ಕೋದ ಕಡೆಯ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ತಿದ್ದಿದ ಕೂಲಿಕಾರರ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ. ಅವರ ತಾಯಂದಿರು ಇನ್ನೂ ಇದ್ದಾರೆ.